ಆಫ್ರಿಕಾದ ಪತಂಗದ ಅಂಕಲ್
ಕಡಲಾಚೆಯ ಟ್ಯಾಂಪಿನೀಸಿನ ನಮ್ಮ ವಸತಿ ಬ್ಲಾಕಿನಲ್ಲಿ ಧರ್ಮಪಾಲ ಅಂಕಲ್ ಅಂದರೆ ಪತಂಗದ ಅಂಕಲ್. ಹಡಗಿನ ಇಂಜಿನಿಯರಾಗಿದ್ದಾಗ ಮೊಂಬಾಸಾ ಬಂದರಿನಲ್ಲಿ ಕಂಡ ಒಂದು ಪತಂಗ ಅವರ ತಲೆಯಿಂದ ಇನ್ನೂ ಇಳಿದಿಲ್ಲ. ಲಿಫ್ಟಿಗೆ ಕಾಯುವವರು ಯಾರಾದರೂ ಸಿಕ್ಕರೆ ಸಾಕು, "ಮುಂದಿನ ರೆಕ್ಕೆ ಒಣಗಿದ ಎಲೆ ಬಣ್ಣ, ಹಿಂದಿನದು ಬೆಣ್ಣೆ ಬಿಳುಪು, ಒಂದೊಂದು ರೆಕ್ಕೆಗೂ ಒಂದೇ ಒಂದು ಕಪ್ಪು ಚುಕ್ಕೆ. ಇರೋದು ಕೀನ್ಯಾ, ತಾಂಜಾನಿಯಾ, ಮಲಾವಿ..." ಎಂದು ಶುರು. ಹನ್ನೆರಡನೇ ಮಹಡಿ ಬರುವಷ್ಟರಲ್ಲಿ ಅರ್ಧ ಆಫ್ರಿಕಾ ಮುಗಿದಿರುತ್ತದೆ. ನೆಲಮಹಡಿಯ ತೆರೆದ ವಾಯ್ಡ್ ಡೆಕ್ಕಿನ ಕಂಬದ ಮೇಲೆ ಯಾವ ಪತಂಗ ಕೂತರೂ ಅದೇನಾ ಎಂದು ಭೂತಗನ್ನಡಿ ಹಿಡಿದು ನಿಲ್ಲುತ್ತಾರೆ. "ಅಂಕಲ್, ಅದು ಇಲ್ಲಿಗ್ಯಾಕೆ ಬರುತ್ತೆ ಲಾ?" ಎಂದು ನನ್ನ ಮಗಳು ವರ್ಣಿಕಾ ಇಲ್ಲಿಯವರ ಹಾಗೆ 'ಲಾ' ಸೇರಿಸಿ ಕೇಳಿದರೆ, "ನಾನು ಉಡುಪಿಯಿಂದ ಬರ್ಲಿಲ್ವಾ ಮಗಾ?" ಎನ್ನುತ್ತಾರೆ. ಕಂಡದ್ದಕ್ಕೆಲ್ಲ ಒಂದು ಕಾರ್ಡು: ಮೇಲೆ ಹೆಸರು, ಕೆಳಗೆ ರೂಪ, ಅದರ ಕೆಳಗೆ ನೆಲೆ. ಎದುರುಮನೆ ಬೆಕ್ಕಿಗೂ ಒಂದು ಕಾರ್ಡಿದೆ. ಮೊನ್ನೆ ಅವರ ಹೆಂಡತಿ ಪುಷ್ಪಾವತಿ ಆಂಟಿಗೆ ನೀರುದೋಸೆ ಕೊಡಲು ಹೋಗಿದ್ದೆ. ಮರೆವಿನ ಕಾಯಿಲೆ ಬಂದ ಮೇಲೆ ಆಂಟಿ ಯಾರನ್ನೂ ಗುರುತಿಸುವುದಿಲ್ಲ. ಅವರ ಕೈಯಲ್ಲೂ ಒಂದು ಕಾರ್ಡಿತ್ತು. ಮುಟ್ಟಿ ಮುಟ್ಟಿ ಅದರ ಮೂಲೆಗಳು ಸವೆದಿದ್ದವು. "ಧರ್ಮಪಾಲ. ರೂಪ: ಬಿಳಿ ಮೀಸೆ, ಎಡಗೆನ್ನೆಯಲ್ಲಿ ಒಂದೇ ಒಂದು ಕಪ್ಪು ಮಚ್ಚೆ. ನೆಲೆ: ನಿನ್ನ ಪಕ್ಕ." ಆಂಟಿ ಅದನ್ನು ಓದಿ, ಪಕ್ಕದಲ್ಲಿದ್ದ ಅಂಕಲ್ ಅವರ ಗದ್ದ ಹಿಡಿದು ಬೆಳಕಿಗೆ ತಿರುಗಿಸಿ ಮಚ್ಚೆ ಹುಡುಕತೊಡಗಿದರು. ಅಂಕಲ್ ಕಂಬದ ಮೇಲಿನ ಪತಂಗದ ಹಾಗೆ ಅಲುಗಾಡದೆ ಕೂತಿದ್ದರು.