ಕೊನೆಯ ಮೂರು ಕುಳಿಗಳ ನ್ಯಾಯ

ಹೋದ ಭಾನುವಾರ ಅರವತ್ತು ದಾಟಿದ ಹಿರಿಯರೊಬ್ಬರ ಎದುರು ಗೆದ್ದು ಬಂದೆ. ಅಂದಿನಿಂದ ಅವ್ವ ನನ್ನ ತಾಟಿಗೆ ರೊಟ್ಟಿ ಹಾಕುವುದಿಲ್ಲ, ಎಸೆಯುತ್ತಾಳೆ.

"ಅಷ್ಟ ದೊಡ್ಡ ಮನಷ್ಯಾ. ಬಿಟ್ಟುಕೊಟ್ಟಿದ್ರ ನಿನ್ನ ಗಂಟೇನ್ ಹೋಗ್ತಿತ್ತು?"

ಗಂಟಲ್ಲ ಅವ್ವಾ, ಗೆಲುವು ಹೋಗುತ್ತಿತ್ತು.

ಆಟ ಯಾವುದು ಗೊತ್ತೇ? ಗಾಲ್ಫ್. (ನಗಿ, ನಗಿ. ಮೊದಲ ದಿನ ನಾನೂ ನಕ್ಕಿದ್ದೆ.) ಆ ಹಿರಿಯರು, ಯಾದಗಿರಿಯ ತೊಗರಿ ವ್ಯಾಪಾರಿ ಬಸಣ್ಣ ಕಾಕಾ, ಹೈದರಾಬಾದಿನ ಗೆಳೆಯರೊಬ್ಬರ ಕ್ಲಬ್ಬಿಗೆ ಹೋಗಿ ಈ ಹುಚ್ಚು ಹತ್ತಿಸಿಕೊಂಡು ಬಂದರು. ಮುದನಾಳದ ಹತ್ತಿರ ಅವರದೊಂದು ಬೀಳು ಹೊಲವಿದೆ. ಅಲ್ಲಿ ಒಂಬತ್ತು ಕುಳಿ ತೋಡಿಸಿ, ಕುಳಿಗೊಂದು ಹಳೆ ಸೀರೆಯ ಬಾವುಟ ನೆಡಿಸಿದರು. ಹುಲ್ಲು ಕತ್ತರಿಸುವ ಮಷಿನ್? ಊರಿನ ಕುರಿಗಳು ಇರುವುದೇಕೆ?

ಯಾದಗಿರಿ, ಶಹಾಪುರ, ಸುರಪುರ ಸೇರಿ ಹತ್ತಿಪ್ಪತ್ತು ಜನ ಸದಸ್ಯರಿದ್ದೇವೆ. ನಾನು ಸುರಪುರದವನು. ಕ್ಲಬ್ಬಿನಲ್ಲಿ ನನ್ನ ಮುಖ್ಯ ಕೆಲಸ ಎಲ್ಲರ ಮಿಮಿಕ್ರಿ ಮಾಡುವುದು. ಆಡುವುದು ಅಡ್ಡಕಸುಬು.

ಈ ಸಲದ ಪಂದ್ಯ ಮಾತ್ರ ತಮಾಷೆಯದಾಗಿರಲಿಲ್ಲ. ಹೈದರಾಬಾದಿನ ಆ ಕ್ಲಬ್ಬಿನವರು ತಮ್ಮ ಟೂರ್ನಮೆಂಟಿಗೆ ನಮ್ಮಿಂದ ಒಬ್ಬರನ್ನು ಕರೆದಿದ್ದರು. ಒಬ್ಬರನ್ನೇ. ಗೆದ್ದವರು ಹೋಗಬೇಕು. ಕುರಿ ಹಿಕ್ಕೆ ಇಲ್ಲದ ಹುಲ್ಲಿನ ಮೇಲೆ ಜೀವನದಲ್ಲಿ ಒಮ್ಮೆಯಾದರೂ ಆಡಬೇಕೆಂದು ನನ್ನಾಸೆ. ಗೆಳೆಯರ ಎದುರು ಆಡಿ ತೋರಿಸಬೇಕೆಂದು ಕಾಕಾ ಅವರ ಆಸೆ.

ಗಾಲ್ಫಿನಲ್ಲಿ ಕಡಿಮೆ ಹೊಡೆತಗಳಲ್ಲಿ ಮುಗಿಸಿದವನೇ ಗೆದ್ದವನು. ನಾನು ಮೊದಲ ಕುಳಿಯಲ್ಲೇ ಚೆಂಡನ್ನು ಜಾಲಿಕಂಟಿಗೆ ದಾನ ಮಾಡಿದೆ. ಎರಡನೆಯದರಲ್ಲಿ ಚೆಂಡಿಗಿಂತ ಮಣ್ಣೇ ದೂರ ಹಾರಿತು. ಅಷ್ಟು ಉಳುಮೆಯನ್ನು ನಮ್ಮಪ್ಪನ ಹೊಲದಲ್ಲಿ ಮಾಡಿದ್ದರೆ ಮನೆಯಲ್ಲಿ ಮರ್ಯಾದೆಯಾದರೂ ಸಿಗುತ್ತಿತ್ತು. ಕಾಕಾ ಅವರದು ಒಂದೊಂದೂ ಇಸ್ತ್ರಿ ಮಾಡಿದಂಥ ನೇರ ಹೊಡೆತ. ಆದರೆ ಬಿಸಿಲೇರಿತು. ಅವರ ಮೊಣಕಾಲು ಮುನಿಸಿಕೊಂಡಿತು, ನನ್ನ ಕೈ ಕುದುರಿತು. ಕೊನೆಗೆ ಕೂಡಿ ನೋಡಿದರೆ ಎಲ್ಲರಿಗಿಂತ ಕಡಿಮೆ ನಮ್ಮಿಬ್ಬರದೇ, ಇಬ್ಬರದೂ ಐವತ್ತೆರಡು.

ಟೈ!

ಅದಕ್ಕೂ ನಿಯಮವಿತ್ತು. ಆಟಕ್ಕೆ ಮೊದಲು ಸ್ವತಃ ಕಾಕಾ ಅವರೇ ಎಲ್ಲರನ್ನೂ ನಿಲ್ಲಿಸಿಕೊಂಡು ಹೇಳಿದ್ದರು: ಟೈ ಆದರೆ ಕೊನೆಯ ಮೂರು ಕುಳಿಗಳಲ್ಲಿ ಯಾರ ಹೊಡೆತ ಕಡಿಮೆಯೋ ಅವರು ಗೆದ್ದಂತೆ. (ದೊಡ್ಡ ಕ್ಲಬ್ಬುಗಳಲ್ಲೂ ಹೆಚ್ಚುಕಡಿಮೆ ಹೀಗೇ. ಕೊನೆಯಿಂದ ಹಿಂದಕ್ಕೆ ಎಣಿಸುತ್ತಾರೆ.) ಎಣಿಸಿದರು. ನನ್ನವು ಎರಡು ಕಡಿಮೆ.

ಯಾರೂ ಚಪ್ಪಾಳೆ ತಟ್ಟಲಿಲ್ಲ. ನಮ್ಮ ಸೆಕ್ರೆಟರಿ, ಶಹಾಪುರದ ನಿವೃತ್ತ ಪಿ.ಟಿ. ಮಾಸ್ತರು, ಗಂಟಲು ಸರಿ ಮಾಡಿಕೊಂಡರು.

"ತಮ್ಮಾ, ಹಿರ್ಯಾರ ಅದಾರ. ಬಿಟ್ಟುಕೊಡು."

"ಯಾಕ್ರೀ ಸರ್?"

"ನಿಂದಿನ್ನೂ ವಯಸ್ಸದ. ಮುಂದಿನ ವರ್ಷ ಹೋಗೀಯಂತ."

"ಮುಂದಿನ ವರ್ಷ ಕಾಕಾ ಇನ್ನೂ ಹಿರ್ಯಾರ ಆಗ್ತಾರಲ್ರೀ!"

ಕಾಕಾ ಅವರಿಗೆ ನಗು ಬರಲಿಲ್ಲ. "ಅಲ್ಲೋ, ಮೊದಲನೇ ಕುಳಿದಾಗ ನಾ ಹೊಡದಿದ್ದು ಹೊಡೆತ ಅಲ್ಲೇನು? ಕೊನೀದಕ್ಕ ಅಷ್ಟ್ಯಾಕ ಕಿಮ್ಮತ್ತು? ನಡಿ, ಇನ್ನೊಂದ ಕುಳಿ ಆಡಿ ಫೈಸಲಾ ಮಾಡಮು."

ಪ್ರಶ್ನೆ ಸುಳ್ಳಲ್ಲ. ಮದುವೆಯಲ್ಲಿ ಹೋಳಿಗೆ ಎಷ್ಟೇ ಚೆನ್ನಾಗಿರಲಿ, ಕೊನೆಗೆ ಬಂದ ಮಜ್ಜಿಗೆ ಹುಳಿಯಾಗಿದ್ದರೆ ಊರೆಲ್ಲ ಮಜ್ಜಿಗೆಯನ್ನೇ ಆಡಿಕೊಳ್ಳುತ್ತದೆ. ಅದು ನ್ಯಾಯವೇ? ಖಂಡಿತ ಅಲ್ಲ. ಇನ್ನೊಂದು ಕುಳಿ ಆಡುವುದೇ ಒಳ್ಳೆಯ ನಿಯಮವಿರಬಹುದು. ಆದರೆ ಅದನ್ನು ಬೆಳಿಗ್ಗೆ ಹೇಳಬೇಕಿತ್ತು. ಬೆಳಿಗ್ಗೆ ಹೇಳಿದ ನಿಯಮ ಯಾರ ಕೈ ಹಿಡಿಯುತ್ತದೆಂದು ಯಾರಿಗೂ ಗೊತ್ತಿರುವುದಿಲ್ಲ. ಫಲಿತಾಂಶ ಬಂದ ಮೇಲೆ ಹುಟ್ಟಿದ ನಿಯಮ ಯಾರ ಮನೆಯ ಕೂಸೆಂದು ಎಲ್ಲರಿಗೂ ಗೊತ್ತು.

ಹಿರಿಯರು ಬಂದರೆ ಬಸ್ಸಿನಲ್ಲಿ ಸೀಟು ಬಿಡುತ್ತೇನೆ. ಸಭೆಯಲ್ಲಿ ಕುರ್ಚಿ ಬಿಡುತ್ತೇನೆ. ಅಂಗಡಿಯಲ್ಲಿ ನನ್ನ ಪಾಳಿ ಬಿಡುತ್ತೇನೆ. "ಸ್ವಲ್ಪ ಅಡ್ಜಸ್ಟ್ ಮಾಡ್ಕೋ ತಮ್ಮಾ" ಎಂಬ ಮಾತು ಯಾವಾಗಲೂ ತಮ್ಮನನ್ನೇ ಹುಡುಕಿಕೊಂಡು ಬರುತ್ತದಲ್ಲ, ಅಣ್ಣನ ವಿಳಾಸ ಅದಕ್ಕೆ ಗೊತ್ತಿಲ್ಲವೇ? ನಾನು ಸೋತಿದ್ದರೆ ಇನ್ನೊಂದು ಕುಳಿ ಆಡಿಸುತ್ತಿದ್ದರೇ?

ಇದನ್ನೆಲ್ಲ ನನ್ನ ದನಿಯಲ್ಲಿ ಹೇಳಿದ್ದರೆ ಉದ್ಧಟತನವಾಗುತ್ತಿತ್ತು. ಹಾಗಾಗಿ ಕಾಕಾ ಅವರ ದನಿಯಲ್ಲಿ ಹೇಳಿದೆ. ಹೊಟ್ಟೆ ಮುಂದೆ ತಂದೆ, ಕೈ ಹಿಂದೆ ಕಟ್ಟಿದೆ, ಮೂಗಿನಿಂದ ಶುರು ಮಾಡಿದೆ: "ಕೇಳ್ರಿ ಎಲ್ಲಾರೂ! ಟೈ ಆತಂದ್ರ ಕೊನೀ ಮೂರು ಕುಳಿ. ಆಮ್ಯಾಲ ಯಾರೂ ತಕರಾರ್ ತೆಗೀಬ್ಯಾಡ್ರಿ!"

ಹೊಲವೆಲ್ಲ ನಕ್ಕಿತು. ಮಾಸ್ತರು ಟೋಪಿಯಿಂದ ಬಾಯಿ ಮುಚ್ಚಿಕೊಂಡರು. ಕಾಕಾ ನನ್ನನ್ನೇ ದಿಟ್ಟಿಸಿದರು. ನಾನು ಮೆಲ್ಲಗೆ ಮಾಸ್ತರ ಹಿಂದೆ ಸರಿದೆ. (ಧೈರ್ಯವೆಲ್ಲ ಗಂಟಲಿಗೇ ಖರ್ಚಾಗಿತ್ತು.)

"ಮಾತು ನಂದಽ ಹೌದು," ಎಂದರು ಕಾಕಾ. "ಆದ್ರ ನಾ ಇಷ್ಟ ಮೂಗಿನಾಗ ಮಾತಾಡ್ತೀನೇನೋ, ಬದ್ಮಾಶ್?"

"ಹೌದ್ರಿ!" ಎಂದರು ಎಲ್ಲರೂ.

ಕಾಕಾ ಅಲ್ಲೇ ನಿಂತು ಹೈದರಾಬಾದಿಗೆ ಫೋನ್ ಮಾಡಿ ನನ್ನ ಹೆಸರು ಹೇಳಿದರು. ಕಣ್ಣು ಮಾತ್ರ ನನ್ನ ಕಡೆ ತಿರುಗಿಸಲಿಲ್ಲ. ಅದು ನನಗೆ ಚುಚ್ಚಿತು. ಆದರೂ ಹೊರಟಿದ್ದೇನೆ.

ಅಲ್ಲಿ ನಾನು ಕೊನೆಯವನಾಗುವುದು ಬಹುತೇಕ ಖಚಿತ. ಆ ಕೊನೆಯ ಸ್ಥಾನಕ್ಕೂ ಟೈ ಆದರೆ, ಈಗಲೇ ಹೇಳಿಬಿಡುತ್ತೇನೆ, ಅದನ್ನೂ ಯಾವ ಹಿರಿಯರಿಗೂ ಬಿಟ್ಟುಕೊಡುವವನಲ್ಲ!