ಪರದೆಯಾಚೆ ಉಳಿದ ಕೆಂಪು ಸಾಲು

ಅವರ ಬಲಗೈಯ ಮಣಿಕಟ್ಟಿಗೆ ಸದಾ ಒಂದು ಕ್ರೇಪ್ ಬ್ಯಾಂಡೇಜ್ ಸುತ್ತಿರುತ್ತಿತ್ತು. ಅದರ ಕ್ಲಿಪ್ಪು ಎಂದೋ ಕಳೆದುಹೋಗಿ, ಸೀರೆಯ ಪಿನ್ನನ್ನೇ ಸಿಕ್ಕಿಸಿಕೊಂಡಿರುತ್ತಿದ್ದರು. ಹಣೆಯ ಮೇಲೆ ತೆಳುವಾದ ವಿಭೂತಿ, ಹತ್ತಿರ ಬಂದರೆ ನೋವಿನ ಮುಲಾಮಿನ ವಾಸನೆ. ಬಿದ್ದು ಪೆಟ್ಟಾಗಿದೆಯೇನೋ ಎಂದು ಮೊದಲ ದಿನ ನಾನು ಕೇಳಿದ್ದೆ. "ಇಲ್ಲವಾ, ಮೌಸ್ ಒತ್ತಿ ಒತ್ತಿ ಬಂದದ್ದು. ಹೊಲದಾಗ ದುಡದ್ರ ಬೆನ್ನು ಹೋಗತೈತಿ, ಇಲ್ಲೆ ದುಡದ್ರ ಮಣಿಕಟ್ಟು ಹೋಗತೈತಿ" ಎಂದಿದ್ದರು.

ಎರಡು ಸಾವಿರದ ಇಸವಿಯ ನಂತರದ ಮೊದಲ ವರ್ಷಗಳು. ಜೆ.ಪಿ. ನಗರದ ಒಂದು ಮನೆಯ ಮಹಡಿಯಲ್ಲಿ ನಮ್ಮ ಸಣ್ಣ ಸಾಫ್ಟ್‌ವೇರ್ ಕಂಪನಿ ಇತ್ತು. ನಾನು ಇಂಜಿನಿಯರಿಂಗ್ ಮುಗಿಸಿ ಅಲ್ಲಿ ಸೇರಿದಾಗ ಅವರು ಟೆಸ್ಟಿಂಗ್ ವಿಭಾಗದ ಮುಖ್ಯಸ್ಥೆ. ಗದಗದ ಕಡೆ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದವರು, ಆಮೇಲೆ ಕಂಪ್ಯೂಟರ್ ಕಲಿತು ಬೆಂಗಳೂರಿಗೆ ಬಂದು ಬಿ.ಟಿ.ಎಂ. ಲೇಔಟಿನಲ್ಲಿ ಬಾಡಿಗೆಗೆ ಇದ್ದರು. ಅವರ ಕಡೆ ಟೀಚರಮ್ಮನನ್ನು ಅಕ್ಕೋರು ಎಂದು ಕರೆಯುತ್ತಾರಂತೆ. ಮಾಜಿ ಟೀಚರ್ ಎಂದು ತಿಳಿದ ಮೇಲೆ ನಮಗೂ ಅವರು ಅಕ್ಕೋರೇ ಆದರು.

ನಮ್ಮ ಕಂಪನಿ ವೆಬ್ ಪುಟಗಳನ್ನು ಕಟ್ಟುತ್ತಿತ್ತು, ನಾವು ಅವುಗಳನ್ನು ಪರೀಕ್ಷಿಸುತ್ತಿದ್ದೆವು. ಒಳಗೆ ಹೋಗುವುದು, ಹೆಸರು ತುಂಬುವುದು, ಗುಂಡಿ ಒತ್ತುವುದು, ಮುಂದಿನ ಪುಟ ಸರಿಯಾಗಿ ಬಂತೇ ನೋಡುವುದು. ಪ್ರೋಗ್ರಾಮರುಗಳು ಎಲ್ಲಾದರೂ ಒಂದು ಸಾಲು ಬದಲಿಸಿದರೆ ಎಲ್ಲವನ್ನೂ ಮತ್ತೆ ಮೊದಲಿನಿಂದ ಮಾಡಬೇಕು. ವರ್ಷಗಟ್ಟಲೆ ಹೀಗೆ ಒತ್ತಿ ಸವೆದಿದ್ದ ಅಕ್ಕೋರೇ ಹಟ ಹಿಡಿದು ಈ ಕೆಲಸವನ್ನು ಯಂತ್ರಕ್ಕೆ ಕಲಿಸಿದರು. ಮೊದಲಿನಿಂದ ಕೊನೆಯವರೆಗಿನ ಪ್ರತಿ ಹೆಜ್ಜೆಯನ್ನೂ ಯಂತ್ರ ಓದಿ ಪಾಲಿಸುವ ಸ್ಕ್ರಿಪ್ಟಾಗಿ ಬರೆದರು. ಅದನ್ನು ಓಡಿಸಿದರೆ ಬ್ರೌಸರ್ ತಾನೇ ತೆರೆದುಕೊಂಡು, ಅಕ್ಷರಗಳು ತಾವೇ ಮೂಡಿ, ಕೊನೆಗೆ ಪಾಸಾದದ್ದು ಹಸಿರು, ಫೇಲಾದದ್ದು ಕೆಂಪು ಎಂದು ವರದಿ ಬರುತ್ತಿತ್ತು. ಕಾಫಿ ತರುವ ಆಂಟಿ ಅದನ್ನು ಮೊದಲು ಕಂಡಾಗ ಲೋಟ ಹಿಡಿದುಕೊಂಡೇ ನಿಂತುಬಿಟ್ಟರು.

"ಅಯ್ಯೋ ಶಿವನೇ, ಯಾರೂ ಮುಟ್ಟದೇನೆ ಓಡಾಡ್ತಿದೆ ನೋಡಿ!"

"ಹೆದರಬ್ಯಾಡ್ರಿ, ಅದು ನನ್ನ ಹೊಸಾ ಸೊಸಿ" ಎಂದರು ಅಕ್ಕೋರು. "ಬಾಯಿಲ್ಲ, ಬರೇ ಕೈ ಅಷ್ಟ ಐತಿ."

ಯಂತ್ರ ದುಡಿಯುವಾಗ ನಾವೆಲ್ಲ ಟೀ ಕುಡಿಯಲು ಇಳಿದು ಹೋಗುತ್ತಿದ್ದೆವು. ಅವರು ಮಾತ್ರ ಎರಡೂ ಕೈ ಮಡಿಲಲ್ಲಿಟ್ಟುಕೊಂಡು, ಪರೀಕ್ಷೆಯ ಕೋಣೆಯಲ್ಲಿ ಮಕ್ಕಳನ್ನು ಕಾಯುವ ಹಾಗೆ ಪರದೆಯನ್ನು ನೋಡುತ್ತಾ ಕೂತಿರುತ್ತಿದ್ದರು. ಎಲ್ಲವೂ ಹಸಿರಾಗಿ ಬಂದರೆ ನಮಗೆ ಖುಷಿ, ಅವರಿಗೆ ಅನುಮಾನ. "ಎಲ್ಲಾರೂ ಪಾಸಾದ ಕ್ಲಾಸಿನ್ಯಾಗ ಯಾರೋ ಕಾಪಿ ಹೊಡದಿರ್ತಾರ" ಎನ್ನುತ್ತಿದ್ದರು.

ಅವರಿಗೆ ಇನ್ನೊಂದು ಅಭ್ಯಾಸವಿತ್ತು. ಯಾವುದೇ ಕೆಲಸ ಗಿರಾಕಿಯ ಕೈ ಸೇರಿದ ಮೇಲೆ ಒಮ್ಮೆ ಆ ಜಾಗಕ್ಕೇ ಹೋಗಿ, ಅದನ್ನು ಬಳಸುವವರ ಬೆನ್ನ ಹಿಂದೆ ನಿಂತು ನೋಡಿ ಬರುತ್ತಿದ್ದರು. ನಮ್ಮ ಮ್ಯಾನೇಜರ್ ಸಾಹೇಬರಿಗೆ ಅದು ಸಮಯ ಹಾಳು.

"ರಿಪೋರ್ಟೆಲ್ಲಾ ಹಸಿರಾಗಿದೆಯಲ್ಲ ಮೇಡಂ, ಮತ್ತೆ ಅಲ್ಲಿ ಏನ್ ನೋಡೋಕೆ ಹೋಗ್ತೀರಾ?"

"ಬೀಗರ ಮನಿಗೆ ಮಗಳನ್ನ ಕೊಟ್ಟೀವಿ ಸರ. ಹ್ಯಾಂಗ ಅದಾಳ ಅಂತ ಒಮ್ಮೆ ನೋಡಬಾರದೇನ್ರಿ?"

ಹಾಗೆಯೇ ಒಂದು ದಿನ ಅವರು ನನ್ನನ್ನು ಜೊತೆಗೆ ಕರೆದುಕೊಂಡು ಜಯನಗರದ ಒಂದು ಆಸ್ಪತ್ರೆಗೆ ಹೊರಟರು. ವಾರ್ಡುಗಳಿಗಾಗಿ ನಾವು ಮಾಡಿಕೊಟ್ಟ ಪುಟಗಳು ಅಲ್ಲಿ ಆಗಷ್ಟೇ ಶುರುವಾಗಿದ್ದವು. ಮೊದಲು ರೋಗಿಯ ಮಂಚಕ್ಕೆ ಒಂದು ಹಲಗೆ ತೂಗುತ್ತಿತ್ತು, ಯಾರಿಗೆ ಯಾವ ಔಷಧಿ ಆಗದು ಎಂದು ಅದರ ಮೇಲೆ ಕೆಂಪಿನಲ್ಲಿ ಬರೆದಿರುತ್ತಿದ್ದರು. ಹಲಗೆಗಳನ್ನು ಈಗ ತೆಗೆದಿದ್ದರು. ಆ ಎಚ್ಚರಿಕೆ ನಮ್ಮ ಪುಟದ ಬಲಭಾಗದಲ್ಲಿ ಒಂದು ಕೆಂಪು ಸಾಲಾಗಿ ಬರುತ್ತಿತ್ತು. ಅಲರ್ಜಿ ಇಲ್ಲದವರಿಗೆ ಅದೇ ಜಾಗದಲ್ಲಿ 'ಇಲ್ಲ' ಎಂಬ ಹಸಿರು ಅಕ್ಷರ. ಈ ಸಾಲು ಪ್ರತಿ ರೋಗಿಗೂ ಬರುತ್ತದೆಯೇ ಎಂದು ಅಕ್ಕೋರ ಸ್ಕ್ರಿಪ್ಟು ನೋಡಿತ್ತು. ಎಲ್ಲವೂ ಪಾಸಾಗಿತ್ತು.

ನಾವು ಹೆಂಗಸರ ವಾರ್ಡಿಗೆ ಹೋದಾಗ ಊಟದ ತಟ್ಟೆಗಳನ್ನು ತೆಗೆಯುತ್ತಿದ್ದರು. ಬಾಗಿಲ ಪಕ್ಕದ ಮಂಚದಲ್ಲಿ, ಸಾರಕ್ಕಿ ಮಾರ್ಕೆಟ್ಟಿನಲ್ಲಿ ತರಕಾರಿ ಮಾರುವ ಒಬ್ಬ ಹೆಂಗಸು. ಸ್ಕೂಟರ್ ಗುದ್ದಿ ಕಾಲು ಮುರಿದಿತ್ತು, ನೋವಿಗೆ ನರಳುತ್ತಿದ್ದರು. ಸಿಸ್ಟರ್ ಮೇಜಿನ ಮೇಲಿದ್ದ ಪುಟ್ಟ ಹಳೆಯ ಮಾನಿಟರ್ ನೋಡಿ, ಡಾಕ್ಟರ್ ಬರೆದಿದ್ದ ನೋವಿನ ಇಂಜೆಕ್ಷನ್ನಿನ ಹೆಸರು ಓದಿಕೊಂಡು, ಸಿರಿಂಜ್ ತುಂಬಿ ಎದ್ದರು. ಅವರು ಬಿಟ್ಟ ಜಾಗದಲ್ಲಿ ಅಕ್ಕೋರು ಬಗ್ಗಿ ಪರದೆಯನ್ನು ನೋಡಿದರು.

"ಅಲರ್ಜಿ ಸಾಲು ಎಲ್ಲೈತವಾ?"

"ಈ ಪೇಷಂಟ್‌ಗೆ ಏನೂ ಇಲ್ವೇನೋ ಅಕ್ಕೋರೇ" ಎಂದೆ.

"ಇಲ್ಲಂದ್ರ 'ಇಲ್ಲ' ಅಂತ ಹಸರ ಕಾಣಬೇಕಲ್ಲ. ಏನೂ ಕಾಣವಲ್ದು."

ಅವರು ಮೌಸ್ ಹಿಡಿದು, ಪುಟದ ಕೆಳಗಿನ ಪಟ್ಟಿಯನ್ನು ಬಲಕ್ಕೆ ಎಳೆದರು. ನಮ್ಮ ಆಫೀಸಿನ ದೊಡ್ಡ ಮಾನಿಟರುಗಳಲ್ಲಿ ಸಲೀಸಾಗಿ ಹಿಡಿಸುತ್ತಿದ್ದ ಪುಟ ಈ ಪುಟ್ಟ ಪರದೆಯಲ್ಲಿ ಹಿಡಿಸದೆ ಬಲಕ್ಕೆ ಚಾಚಿಕೊಂಡಿತ್ತು. ಎಳೆದಂತೆ ಕೆಂಪು ಅಕ್ಷರಗಳು ಒಂದೊಂದಾಗಿ ಒಳಗೆ ಬಂದವು. ಸಿಸ್ಟರ್ ಕೈಯಲ್ಲಿದ್ದ ಔಷಧಿಯದೇ ಹೆಸರು.

ನಾನು ತಲೆ ಎತ್ತಿದೆ. ಸಿರಿಂಜಿನ ಮೂತಿ ಆ ಹೆಂಗಸಿನ ಕೈಗೆ ಹಾಕಿದ್ದ ನಳಿಕೆಯೊಳಗೆ ಸೇರಿಯಾಗಿತ್ತು. ಸಿಸ್ಟರ್ ಹೆಬ್ಬೆರಳು ಅದರ ಮೇಲಿತ್ತು. ಕೂಗಬೇಕೆಂದು ನನಗೆ ಗೊತ್ತಿತ್ತು, ಕೂಗಿದ್ದು ಅಕ್ಕೋರು.

"ಬ್ಯಾಡ!"

ಆ ಕೂಗಿಗೆ ಇಡೀ ವಾರ್ಡು ತಿರುಗಿತು. ಹೆಬ್ಬೆರಳು ನಿಂತಿತು. ಅದು ಎಷ್ಟು ದೂರ ಹೋಗಿ ನಿಂತಿತು, ಒತ್ತಲು ಶುರುವಾಗಿತ್ತೇ ಇಲ್ಲವೇ ಎಂದು ನಾನು ಇವತ್ತಿಗೂ ಮನಸ್ಸಿನಲ್ಲೇ ಅಳೆಯುತ್ತಿರುತ್ತೇನೆ. ಕೆಲವು ಸಲ ಕನಸಿನಲ್ಲಿ ಅದು ನಿಲ್ಲುವುದಿಲ್ಲ.

"ಏನಮ್ಮಾ, ಚುಚ್ಚಿಸ್ಕೊಳ್ಳೋಳು ನಾನು, ಕಿರ್ಚ್ಕೊಳ್ಳೋದು ನೀವಾ?" ಎಂದರು ಮಂಚದ ಮೇಲಿದ್ದ ಹೆಂಗಸು.

ಸಿಸ್ಟರ್ ಸಿರಿಂಜ್ ತೆಗೆದು, ಬಂದು ಪರದೆ ನೋಡಿದರು. "ಇದು ಎಲ್ಲಿತ್ತು ಮೇಡಂ? ನಾವ್ಯಾರೂ ಇದನ್ನ ನೋಡೇ ಇಲ್ವಲ್ಲ" ಎಂದರು.

ಅಕ್ಕೋರು ಮಂಚದ ಹತ್ತಿರ ಹೋಗಿ, ಈ ಮದ್ದು ಆಗುವುದಿಲ್ಲವೆಂದು ಯಾಕೆ ಹೇಳಲಿಲ್ಲ ಎಂದು ಮೆಲ್ಲಗೆ ಕೇಳಿದರು.

"ಹೇಳಿದ್ನಲ್ಲಮ್ಮ, ಸೇರ್ಕೊಳ್ವಾಗ್ಲೇ. ಹೋದ್ಸಲ ಗಂಟ್ಲು ಊದ್ಕೊಂಡು ಉಸ್ರೇ ನಿಂತೋಗಿತ್ತು ಅಂದೆ. ಕಂಪ್ಯೂಟರ್‌ಗೆ ಹಾಕಿದೀವಿ, ಇನ್ನೇನೂ ಭಯ ಇಲ್ಲ ಅಂದ್ರು. ಅದ್ಕೇ ಸುಮ್ನಾದೆ."

ಅಕ್ಕೋರು ಹೊರಗೆ ಬಂದು ಮ್ಯಾನೇಜರಿಗೆ ಫೋನ್ ಮಾಡಿದರು. ಆ ಕಡೆಯಿಂದ ಮ್ಯಾನೇಜರ್ ಮಾತು ನನಗೂ ಕೇಳುತ್ತಿತ್ತು. "ಏನೂ ಆಗಿಲ್ಲ ತಾನೇ ಮೇಡಂ? ಸಂಜೆಯೊಳಗೆ ಸರಿ ಮಾಡಿಸ್ತೀನಿ. ಆಸ್ಪತ್ರೆಯವ್ರಿಗೆ ಸುಮ್ನೆ ಯಾಕೆ ಗಾಬರಿ ಮಾಡ್ತೀರಾ?"

"ಸಂಜೀತನಕ ಉಳದ ವಾರ್ಡಿನ್ಯಾಗ ಸೂಜಿ ನಿಂತಿರ್ತಾವೇನ್ರಿ ಸರ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಫೋನ್ ಇಟ್ಟರು.

ನೇರ ಸೂಪರಿಂಟೆಂಡೆಂಟ್ ಡಾಕ್ಟರ ಕೋಣೆಗೆ ಹೋದೆವು. ಕುರ್ಚಿ ತೋರಿಸಿದರೂ ಅಕ್ಕೋರು ಕೂರಲಿಲ್ಲ. ಹೇಳಿದ್ದು ಇಷ್ಟು: "ತಪ್ಪು ನಂದು ಡಾಕ್ಟ್ರ. ಆ ಸಾಲು ಪುಟದಾಗ ಐತೇನು ಅಂತ ಯಂತ್ರಕ್ಕ ಕೇಳಾಕ ಹಚ್ಚಿದ್ದೆ. ಐತಿ ಅಂತು. ಕಣ್ಣಿಗೆ ಕಾಣತೈತೇನು ಅಂತ ಕೇಳಲಿಲ್ಲ. ಈಗಿಂದೀಗ ಎಲ್ಲಾ ಕಡೆ ಇದನ್ನ ನಿಲ್ಲಸ್ರಿ, ಹಳೇ ಹಲಗಿ ತೂಗಹಾಕ್ರಿ."

ಬೈಯಲು ಬಾಯಿ ತೆರೆದ ಡಾಕ್ಟರು ಮನಸ್ಸು ಬದಲಿಸಿ ಫೋನ್ ಎತ್ತಿಕೊಂಡರು. ವಾರ್ಡುಗಳಿಗೆ ಸುದ್ದಿ ಮುಟ್ಟುವ ತನಕ ಕಾಯಲು ಅಕ್ಕೋರಿಗೆ ಮನಸ್ಸಾಗಲಿಲ್ಲ. ಮೆಟ್ಟಿಲು ಹತ್ತಿ ಒಂದೊಂದೇ ವಾರ್ಡಿಗೆ ಹೋಗಿ, ಸಿಸ್ಟರುಗಳನ್ನು ಮಾನಿಟರ್ ಮುಂದೆ ನಿಲ್ಲಿಸಿ, ಪುಟವನ್ನು ಬಲಕ್ಕೆ ಎಳೆದು ತೋರಿಸಿದರು. ಅಡಗಿದ್ದ ಕೆಂಪು ಸಾಲುಗಳು ಬೇರೆ ವಾರ್ಡುಗಳಲ್ಲೂ ಇದ್ದವು. ಮಕ್ಕಳ ವಾರ್ಡಿನಲ್ಲೂ.

ಎಲ್ಲ ಮುಗಿಸಿ ಜಯನಗರ ನಾಲ್ಕನೇ ಬ್ಲಾಕಿನ ಬಸ್ ನಿಲ್ದಾಣಕ್ಕೆ ಬಂದು ಕೂತೆವು. ಬಿ.ಟಿ.ಎಂ. ಬಸ್ಸು ಬಂತು, ಹೋಯಿತು. ಅವರು ಏಳಲಿಲ್ಲ. ಸಮಾಧಾನ ಮಾಡೋಣವೆಂದು, "ನೀವು ಬಂದಿದ್ದಕ್ಕೆ ಆ ಹೆಂಗ್ಸು ಉಳ್ಕೊಂಡ್ರು ಅಕ್ಕೋರೇ" ಎಂದೆ.

"ಇವತ್ತ ಬಂದ್ವಿ. ನಿನ್ನಿ ಬಂದಿದ್ದಿಲ್ಲ. ನಿನ್ನಿ ಯಾರಿಗೆ ಏನ್ ಚುಚ್ಚಿದ್ರೋ ಯಾರಿಗೆ ಗೊತ್ತವಾ?"

ಅದರ ಹಿಂದಿನ ದಿನಗಳಲ್ಲಿ ಯಾರಿಗೂ ಏನೂ ಆಗಿರಲಿಲ್ಲ ಎಂದು ಆಸ್ಪತ್ರೆಯವರು ಹುಡುಕಿ ನೋಡಿ ಆಮೇಲೆ ತಿಳಿಸಿದರು. ಆದರೆ ಅಂದು ನಾವು ಮುಂದಿನ ಬಸ್ಸನ್ನೂ ಬಿಟ್ಟೆವು.

ಪುಟವನ್ನು ಸರಿ ಮಾಡಿದೆವು. ಎಚ್ಚರಿಕೆಯ ಸಾಲು ರೋಗಿಯ ಹೆಸರಿನ ಕೆಳಗೇ ಬಂತು. ಅಕ್ಕೋರು ಸ್ಕ್ರಿಪ್ಟುಗಳನ್ನೆಲ್ಲ ಮತ್ತೆ ಬರೆದರು. ಈಗ ಅವು ಬ್ರೌಸರನ್ನು ಪುಟ್ಟದು ಮಾಡಿಕೊಂಡು, ಸಾಲು ಕಣ್ಣಿಗೆ ಬೀಳುವ ಜಾಗದಲ್ಲಿದೆಯೇ ಎಂದು ನೋಡುತ್ತಿದ್ದವು. ಆಸ್ಪತ್ರೆ ನಮ್ಮ ಪುಟಗಳನ್ನು ಬಿಡಲಿಲ್ಲ, ಆದರೆ ಮುಂದಿನ ಕೆಲಸವನ್ನು ಬೇರೆಯವರಿಗೆ ಕೊಟ್ಟಿತು. ಅಕ್ಕೋರು ಬಾಯಿ ಮುಚ್ಚಿಕೊಂಡಿದ್ದರೆ ಅದೂ ನಮಗೇ ಸಿಗುತ್ತಿತ್ತು ಎಂದು ಮ್ಯಾನೇಜರ್ ಮೀಟಿಂಗಿನಲ್ಲಿ ಹೇಳಿದರು. ಮುಂದಿನ ಕೆಲವು ವರ್ಷ ಅವರ ಹೆಸರು ಯಾವ ಬಡ್ತಿಯ ಮಾತಿನಲ್ಲೂ ಬರಲಿಲ್ಲ. ಗಿರಾಕಿಗಳ ಜಾಗಕ್ಕೆ ಹೋಗಿಬರುವುದನ್ನು ಮಾತ್ರ ಅವರು ಬಿಡಲಿಲ್ಲ. ರಜೆ ಹಾಕಿ ಹೋಗುತ್ತಿದ್ದರು. ಒಂದೆರಡು ಸಲ ನಾನೂ ರಜೆ ಹಾಕಿದೆ.

ಕೊನೆಗೆ ಅಕ್ಕೋರು ಕೆಲಸ ಬಿಟ್ಟು ಹುಬ್ಬಳ್ಳಿಯ ತಂಗಿಯ ಮನೆ ಸೇರಿದರು. ಅಲ್ಲೇ, ಸಣ್ಣದೊಂದು ಕಾಯಿಲೆಯ ನಂತರ, ಹೃದಯ ನಿಂತು ತೀರಿಕೊಂಡರು. ನನಗೆ ಸುದ್ದಿ ಮುಟ್ಟುವ ಹೊತ್ತಿಗೆ ಮಣ್ಣು ಮಾಡಿ ಆಗಿತ್ತು. ಆದರೂ ಹೋದೆ. ತಂಗಿ ಚಹಾ ಕೊಟ್ಟು ಎದುರಿಗೆ ಕೂತರು.

"ಅಕ್ಕ ಬೆಂಗಳೂರಾಗ ಏನ್ ಕೆಲಸ ಮಾಡ್ತಿದ್ಲವಾ? ಕಂಪ್ಯೂಟರ್ ಅಂತಿದ್ಲು, ನಮಗ ತಿಳೀತಿದ್ದಿಲ್ಲ. ಏನರ ದೊಡ್ಡದು ಮಾಡ್ಯಾಳೇನು?"

ಬ್ರೌಸರ್, ಸ್ಕ್ರಿಪ್ಟು, ಹಸಿರು ವರದಿ, ಎಲ್ಲಿಂದ ಹೇಳುವುದು? ತೋರಿಸಲು ಏನೂ ಇರಲಿಲ್ಲ. ಆಗದೆ ಹೋದದ್ದನ್ನು ಯಾರೂ ತೋರಿಸಲಾರರು.

"ತರಕಾರಿ ಮಾರೋ ಒಬ್ಬ ಹೆಂಗ್ಸು ಆಸ್ಪತ್ರೆ ಸೇರಿದ್ರು" ಎಂದೆ. "ಕಾಲು ವಾಸಿಯಾಗಿ, ಕೋಲು ಹಿಡ್ಕೊಂಡು ಮನೆಗೆ ಹೋದ್ರು."

"ಅದರಾಗ ಅಕ್ಕಂದೇನೈತಿ?"

"ಕೂಗಿದ್ರು" ಎಂದೆ.

ಅವರು ಇನ್ನೂ ಏನೋ ಇದೆಯೆಂದು ಕಾದರು. ನಾನು ಚಹಾ ಕುಡಿದೆ.