ಹಾಲು ಕರೆಯುವ ಹೊತ್ತಿಗೆ ಬಿಟ್ಟುಬಂದ ಯುದ್ಧ

ಮೇ ಹನ್ನೊಂದು, ಭಾನುವಾರ, ಮಧ್ಯಾಹ್ನ ಎರಡೂವರೆ. ನನ್ನ ನಾಲ್ಕನೇ ತರಗತಿಯ ಡೈರಿಯಲ್ಲಿ ಆ ಸಿನಿಮಾ ಶುರುವಾದ ಹೊತ್ತು ಹೀಗಿದೆ. ಹೆಸರಿನ ಜಾಗ ಖಾಲಿ. ನಾವು ಬಸ್ಸಿಳಿದು ಒಳಗೆ ಹೋಗುವಷ್ಟರಲ್ಲಿ ಹೆಸರು ಬಂದುಹೋಗಿತ್ತು.

ಆಗೆಲ್ಲ ತಮಿಳು ಸೀಮೆಯ ತೇವಾರದ ನಮ್ಮ ಮನೆಯಿಂದ ಸಿನಿಮಾಕ್ಕೆ ಹೋಗುವುದೆಂದರೆ ಚಿನ್ನಮನೂರಿನ ಬಸ್ಸು, ಮಡಿಲಲ್ಲಿ ಹುರಿದ ಕಡಲೆಕಾಯಿ, ಸಂಜೆ ಹಾಲು ಕರೆಯುವ ಹೊತ್ತಿಗೆ ವಾಪಸು. ಅದು ಅಪ್ಪತ್ತಾಳ ಕಟ್ಟಪ್ಪಣೆ. ಅಪ್ಪನ ಅಮ್ಮನನ್ನು ನಾವು ಹಾಗೆ ಕರೆಯುತ್ತಿದ್ದೆವು. ಅವಳು ಹೂಂ ಎನ್ನದೆ ಮನೆಯಲ್ಲಿ ಏನೂ ನಡೆಯುತ್ತಿರಲಿಲ್ಲ.

ದೊಡ್ಡಪ್ಪನ ಮಗ ಮುರುಗಣ್ಣ, ದಿಂಡಿಗಲ್ಲಿನಲ್ಲಿ ನಡೆಯಲಿದ್ದ ಸೈನ್ಯದ ಆಯ್ಕೆಗೆ ಹೋಗಲು ಮೂರು ಸಲ ಕೇಳಿದ್ದ. ಅವಳು ಬಾಯಿ ಬಿಟ್ಟಿರಲಿಲ್ಲ. ಹೆಸರಿನ ಭಾಗ ಹರಿದಿದ್ದ ಸಿನಿಮಾ ಪೋಸ್ಟರಿನಲ್ಲಿ ಬಾವುಟ, ಸಮವಸ್ತ್ರ ಕಂಡದ್ದೇ ಅವನಿಗೆ ಉಪಾಯ ಹೊಳೆಯಿತು. ಮುದುಕಿ ಇದನ್ನು ನೋಡಿದರೆ ಹೆಮ್ಮೆಯಿಂದ ಕಳಿಸುತ್ತಾಳೆಂದು ನಂಬಿ ಅವಳನ್ನೂ ನನ್ನನ್ನೂ ಹೊರಡಿಸಿದ.

ಸಿನಿಮಾ ಅಂಥದ್ದಾಗಿರಲಿಲ್ಲ. ತಲೆ ಬೋಳಿಸಿಕೊಂಡ ಹುಡುಗರು, ಕೆಸರು, ಬೈಗುಳ. ಹಗ್ಗ ಹತ್ತಲಾರದ ಒಬ್ಬ ಸಣಕಲ ಹುಡುಗನ ಮುಖಕ್ಕೆ ತರಬೇತುದಾರ ಹೊಡೆದ.

“ಅಡ ಪಾವಿ! ಪಳಗಿಸೋ ಹೋರಿಗಾದ್ರೂ ಮೂತಿಗೆ ಹೊಡಿತಾರೇನೋ?” ಅಪ್ಪತ್ತಾ ಪರದೆಗೇ ಕೂಗಿದಳು. ಮುಂದಿನ ಸಾಲಿನವರು ತಿರುಗಿ ನೋಡಿದರು.

“ಮೆಲ್ಲ ಅಪ್ಪತ್ತಾ,” ಎಂದ ಮುರುಗಣ್ಣ.

“ನೀ ಸುಮ್ನಿರುಡಾ. ನಾನೂ ಟಿಕೆಟ್ ತಗೊಂಡೇ ಬಂದಿವ್ನಿ.”

ಮಧ್ಯಂತರದಲ್ಲಿ ಮುರುಗಣ್ಣ ತಂದ ಚಕ್ಕುಲಿಯನ್ನು ಅವನೇ ಮುಟ್ಟಲಿಲ್ಲ. ಆಮೇಲೆ ಬರೀ ಯುದ್ಧ. ಕಾಲು ಹೋದವನೊಬ್ಬ ತನ್ನ ಬೂಟನ್ನು ಹುಡುಕುತ್ತಿದ್ದ. ಮುರುಗಣ್ಣ ಮುಖಕ್ಕೆ ಟವೆಲ್ ಮುಚ್ಚಿಕೊಂಡ. ಅಪ್ಪತ್ತಾ ಪರದೆಯಿಂದ ಕಣ್ಣು ಕೀಳಲಿಲ್ಲ. ಗಾಯಗೊಂಡ ಗೆಳೆಯನನ್ನು ಹೊತ್ತು ಓಡುತ್ತಿದ್ದ ಆ ಸಣಕಲ ಹುಡುಗ ಗುಂಡು ತಗಲಿ ಹಳ್ಳಕ್ಕೆ ಬಿದ್ದ.

ಅಪ್ಪತ್ತಾ ಎದ್ದಳು. “ಏಳ್ರೋ, ಹಸು ಕೂಗ್ತಿರ್ತದೆ.”

“ಅವ್ನು ಏನಾದ ಅಪ್ಪತ್ತಾ?” ನನಗೆ ಅಳು.

“ಹಸೂಗೆ ಅದೆಲ್ಲ ತಿಳಿತದಾ ನನ್ ಕಣ್ಣೇ? ನಡಿ.”

ಬಸ್ಸಿನಲ್ಲಿ ಮುರುಗಣ್ಣನೇ ಬಾಯಿಬಿಟ್ಟ. “ನಾ ಪಟ್ಟಾಳಕ್ಕೆ ಹೋಗಲ್ಲ ಅಪ್ಪತ್ತಾ. ಹೊಲ ನೋಡ್ಕೋತೀನಿ.”

“ಆಗ ಕೇಳ್ದಾಗ ನಿಂಗೆ ಆ ಪಟ್ಟಾಳದ ಅಂಗಿ ಒಂದೇ ಕಾಣ್ತಿತ್ತು. ಅದ್ಕೇ ಹೂಂ ಅನ್ಲಿಲ್ಲ. ಈಗ ಪೂರಾ ಕಂಡೆಯಲ್ಲ. ಈಗ ಕೇಳು.”

ಬಸ್ಸಿಳಿದವನೇ ಅವನು ಕೊಟ್ಟಿಗೆಗೆ ನಡೆದ.

ಕೊಟ್ಟಿಗೆಯಲ್ಲಿ ಸಗಣಿಯ, ಹಸಿಹುಲ್ಲಿನ ವಾಸನೆ. ಅಪ್ಪತ್ತಾ ಹಾಲು ಕರೆಯುತ್ತಿದ್ದಳು, ಮುರುಗಣ್ಣ ಕರುವಿನ ಹಗ್ಗ ಹಿಡಿದಿದ್ದ. ಚೊಂಬು ತುಂಬುತ್ತ ಬಂದಾಗ ಮೆಲ್ಲಗೆ ಕೇಳಿದ: “ಹೋಗ್ಲಾ ಅಪ್ಪತ್ತಾ?”

ಅವಳು ಕರೆಯುವುದನ್ನು ನಿಲ್ಲಿಸಲಿಲ್ಲ. “ಹೋಗು. ಹಳ್ಳಕ್ ಬಿದ್ದ ಆ ಸಣ್ ಪೈಯ ಎದ್ದಿರ್ತಾನೆ. ಮೊದ್ಲು ಕರ ಬಿಡು, ಅದೂ ಕುಡೀಲಿ.”

ಮುರುಗಣ್ಣ ಆಯ್ಕೆಯಾದ. ಈಗ ಅವನೇ ಹೊಸ ಹುಡುಗರನ್ನು ತರಬೇತುಗೊಳಿಸುತ್ತಾನೆ. ಗಂಟಲು ಹರಿಯುವಂತೆ ಕೂಗುತ್ತಾನಂತೆ, ಯಾರ ಮುಖಕ್ಕೂ ಕೈ ಮಾಡುವುದಿಲ್ಲವಂತೆ.

ಈಗ ನಾವು ಯಾವ ಸಿನಿಮಾವನ್ನಾದರೂ ಕೊನೆಯವರೆಗೆ ನೋಡಬಹುದು. ಎಬ್ಬಿಸಲು ಕೊಟ್ಟಿಗೆಯಲ್ಲಿ ಹಸುವಿಲ್ಲ, ಪಕ್ಕದಲ್ಲಿ ಅಪ್ಪತ್ತಾ ಇಲ್ಲ. ಆ ಥಿಯೇಟರು ಕಲ್ಯಾಣಮಂಟಪವಾಗಿದೆ. ನನ್ನನ್ನು ಈಗಲೂ ಪಾಪಾ ಎಂದೇ ಕರೆಯುವ ಮುರುಗಣ್ಣ ರಜೆಗೆ ಬಂದಾಗ ನನ್ನೊಡನೆ ಹೆಚ್ಚಾಗಿ ತಮಿಳಿನಲ್ಲೇ ಮಾತಾಡುತ್ತಾನೆ. ಒಂದು ಪ್ರಶ್ನೆ ಮಾತ್ರ ಇನ್ನೂ ನಮ್ಮ ಮನೆಮಾತು ಕನ್ನಡದಲ್ಲೇ ಬರುತ್ತದೆ: “ಪಾಪಾ, ಅವ ಎದ್ನಾ?”

ಆ ಸಿನಿಮಾ ಕೊನೆಯವರೆಗೆ ನೋಡಿದವರು ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ. ಹೆಸರು ಆಮೇಲೆ ತಿಳಿಸಿದರೂ ಸಾಕು. ಅವನು ಎದ್ದನೇ, ಅದನ್ನು ಮೊದಲು ತಿಳಿಸಿ.